ಕಿರುನಕ್ಷತ್ರಗಳ ಮನೆವಾರ್ತೆ

ಮಾಘಮಾಸದ ಇರುಳು ಕಬ್ಬೂರ ಸೀಮೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ರೈತನು ತಲೆಯೆತ್ತಿದರೆ ರೋಹಿಣಿಯ ಕೆಂಪು ಕಣ್ಣಿಗೆ ಬೀಳುವುದು. ಅದರ ಬಹುದೂರ ಹಿಂದೆ, ಸುಮಾರು 450 ಜ್ಯೋತಿರ್ವರ್ಷಗಳಾಚೆ, ಹಬ್ಬಿರುವ ಶೀತಲ ಮೇಘವು ಮಾತ್ರ ಅವನಿಗೆ ಕಾಣದು. ಕಿರುನಕ್ಷತ್ರಗಳು ಹುಟ್ಟುವುದು ಅಂಥ ಕತ್ತಲೆಯಲ್ಲಿಯೇ.

ಮೇಘದ ತುಣುಕೊಂದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದಂತೆಲ್ಲ ತಿರುಗಾಟ ಬಿರುಸಾಗಿ, ನಡುವೆ ನಕ್ಷತ್ರವೂ ಸುತ್ತಲೂ ಧೂಳು ಅನಿಲಗಳ ತಟ್ಟೆಯೂ ಉಂಟಾಗುತ್ತವೆ. ಧೂಳಿಗೆ ಧೂಳು ಅಂಟಿ ಕಲ್ಲಾಗಿ, ಕಲ್ಲುಗಳು ಕೂಡಿ ಗ್ರಹವಾಗಬೇಕು. ಅನಿಲವಾದರೋ ಕೆಲವು ದಶಲಕ್ಷ ವರ್ಷಗಳಲ್ಲಿ ಚದುರಿಹೋಗುವುದು. ಕಿರುನಕ್ಷತ್ರದ ತಟ್ಟೆಯಲ್ಲಿ ಸರಕೂ ಕೊಂಚವೇ. ಗುರುವಿನಂಥ ದೊಡ್ಡ ಗ್ರಹ ಅಲ್ಲಿ ಅಪರೂಪ.

ಬಡಮನೆಯೆಂದು ಮರುಗಬೇಕಾಗಿಲ್ಲ. ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಕೆಂಪು ಕುಬ್ಜಗಳೇ. ಬರಿಗಣ್ಣಿಗೆ ಒಂದೂ ತೋರದು! ಕುಂಭರಾಶಿಯ ಟ್ರ್ಯಾಪಿಸ್ಟ್-1 ಸೂರ್ಯನ ತೂಕದಲ್ಲಿ ನೂರಕ್ಕೆ 9ರಷ್ಟು ಮಾತ್ರ. ಆದರೂ 2017ರಲ್ಲಿ ಅದರ ಸುತ್ತ ಭೂಮಿಯ ಗಾತ್ರಕ್ಕೆ ಹತ್ತಿರವಾದ ಏಳು ಗ್ರಹಗಳಿರುವುದು ಪ್ರಕಟವಾಯಿತು.

ಅಲ್ಲಿ ಉಸಿರಾಡಲು ಗಾಳಿಯಿದ್ದೀತೆ? ಎಳೆಯ ಕಿರುನಕ್ಷತ್ರವು ಮಹಾ ಮುಂಗೋಪಿ. ಅದರ ಜ್ವಾಲೆಗಳು ಗ್ರಹದ ವಾಯುಮಂಡಲವನ್ನೇ ಕಿತ್ತೊಯ್ಯಬಲ್ಲವು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ತೀರ ಒಳಗಿನ ಗ್ರಹದ ಶಾಖವನ್ನು ಅಳೆದಾಗ ಗಾಳಿಯ ಸುಳಿವು ಸಿಗಲಿಲ್ಲ. ಹೊರಗಿನವುಗಳ ವಿಚಾರಣೆ ಇನ್ನೂ ನಡೆದಿದೆ.