ಘೋಡಗೇರಿಯ ತೊಗಲಂಗಿ

ಬೆಳಗಾವಿಯಿಂದ ಮೀರಜದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ನಾವು ಘಟಪ್ರಭಾ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಎಳೆಬಿಸಿಲು. ಅಲ್ಲಿಂದ ಘೋಡಗೇರಿಗೆ ಹೋಗುವ ಹಾದಿಯಲ್ಲಿ ಎತ್ತ ನೋಡಿದರೂ ಕಬ್ಬಿನ ಹಸುರು. ಇದು ಘಟಪ್ರಭೆಯ ಸೀಮೆ. ಇದೇ ನದಿ ಗೋಕಾಕದ ಬಳಿ 171 ಅಡಿ ಕೆಳಕ್ಕೆ ಧುಮುಕುವ ಸೊಬಗನ್ನು ಕಾಣಲು ದೂರದೂರದ ಜನರು ಬರುವರು. ನಾವಾದರೋ ಬಂದುದು ಜಲಪಾತವನ್ನು ನೋಡುವುದಕ್ಕಲ್ಲ. ನಮ್ಮ ಅಜ್ಜನವರು ಬಿಟ್ಟುಹೋದ ಒಂದು ಅಂಗಿಯ ಗತಿಯನ್ನು ನಿಶ್ಚಯಿಸುವುದಕ್ಕೆ.

ಊರಮನೆಯಲ್ಲಿ ಈಗ ಇರುವವರು ನಮ್ಮ ಸೋದರತ್ತೆಯವರೊಬ್ಬರೇ. ಎಂಬತ್ತು ದಾಟಿದ ಜೀವ. ಮನೆಯ ಪಾಲುಪಟ್ಟಿಯೆಲ್ಲ ಮುಗಿದಿದ್ದರೂ ಅಟ್ಟದ ಮೇಲಿನ ಕಬ್ಬಿಣದ ಟ್ರಂಕೊಂದು ಯಾರ ಪಾಲಿಗೂ ಬಂದಿರಲಿಲ್ಲ. ಅದನ್ನು ಇಳಿಸಿ ಮುಚ್ಚಳ ತೆಗೆದೆವು. ನುಸಿಗುಳಿಗೆಯ ವಾಸನೆಯೊಡನೆ ಹೊರಬಂದುದು ಮೊಳಕಾಲ ಕೆಳಗಿನವರೆಗೆ ಇಳಿಯುವ ತೊಗಲಂಗಿ. ಹೊರಗೆ ಹಳದಿ ಬಣ್ಣದ ಹದಮಾಡಿದ ತೊಗಲು, ಒಳಗೆ ದಟ್ಟ ರೋಮ, ಎದೆಯ ಮೇಲೆ ರೇಷ್ಮೆದಾರದ ಹೂಬಳ್ಳಿ.

ಹುಡುಗರು ಕರಡಿಯೆಂದರು. ನಮ್ಮ ತಮ್ಮಂದಿರೊಬ್ಬರು ಹಿಮಾಲಯದ ಚಿರತೆಯಿರಬಹುದೆಂದರು. ಪಟ್ಟಣದ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನು ಒಳ್ಳೆಯ ಬೆಲೆ ಕೊಡುವನೆಂದೂ ಹೇಳಿದರು. ನಮಗೆ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚಿರತೆ, ಕರಡಿ ಮೊದಲಾದವುಗಳ ತೊಗಲನ್ನು ಮಾರುವಂತಿಲ್ಲ; ವಾರಸಾಗಿ ಬಂದುದಾದರೂ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಆದುದರಿಂದ ಬೆಲೆಯ ಮಾತಿಗಿಂತ ಮೊದಲು ಇದು ಯಾವ ಪ್ರಾಣಿಯದೆಂಬುದು ಗೊತ್ತಾಗಬೇಕಿತ್ತು.

ಅತ್ತೆಯವರು ಓಣಿಯ ಕುರುಬ ಅಜ್ಜನನ್ನು ಕರೆಸಿದರು. ಆತನು ಹೆಗಲ ಕಂಬಳಿಯನ್ನು ಪಕ್ಕಕ್ಕಿಟ್ಟು, ಎರಡೂ ಹೆಬ್ಬೆರಳುಗಳಿಂದ ರೋಮವನ್ನು ಸೀಳಿ, ಬುಡದವರೆಗೂ ನೋಡಿ ನಕ್ಕುಬಿಟ್ಟನು.

“ಅವ್ವಾರ, ಇದು ಕುರೀದರಿ. ಆದರ ನಮ್ಮ ಸೀಮಿ ಕುರಿ ಅಲ್ಲ, ಥಂಡಿ ನಾಡಿಂದು.”

ಕಾರಣವನ್ನೂ ಆತನೇ ತಿಳಿಸಿದನು. ಕಾಡುಮೃಗದ ಮೈಮೇಲೆ ನೆಟ್ಟನೆಯ ಬಿರುಗೂದಲು ಮೇಲೆ, ಮೆತ್ತನೆಯ ತುಪ್ಪಳು ಕೆಳಗೆ, ಹೀಗೆ ಎರಡು ತರವಾಗಿ ಇರುವುದು. ಇಲ್ಲಿ ಬುಡದಿಂದ ತುದಿಯವರೆಗೆ ಅಲೆಯಲೆಯಾಗಿ ಸುರುಳಿಗೊಂಡ ಉಣ್ಣೆಯೇ ಇದೆ. ನಮ್ಮ ದಖ್ಖನಿ ಕುರಿಯ ಉಣ್ಣೆಯಾದರೋ ಗಿಡ್ಡ, ಒರಟು, ಬಹುಮಟ್ಟಿಗೆ ಕಪ್ಪು. ಅದರ ನೂಲಿನಿಂದ ನೇಯ್ದು, ಹುಣಿಸೆಬೀಜದ ಗಂಜಿ ಹಾಕಿದ ಕಂಬಳಿ ಮಳೆಗಾಲದಲ್ಲಿ ಕುರುಬನಿಗೆ ಮನೆಯೇ ಆಗುವುದು.

ಆಗ ಅತ್ತೆಯವರು ಬಾಯಿಬಿಟ್ಟರು. ಅಜ್ಜನವರು ಸಿಪಾಯಿಗಳಾಗಿ ವಾಯವ್ಯ ಗಡಿನಾಡಿನಲ್ಲಿದ್ದಾಗ ಪೇಶಾವರದ ಪೇಟೆಯಲ್ಲಿ ಕೊಂಡದ್ದಂತೆ. ಬೆಳಗಾವಿಯು 1922ರಿಂದ ಮರಾಠಾ ಪದಾತಿದಳದ ತರಬೇತಿಯ ನೆಲೆ. ಈ ಸೀಮೆಯ ಅನೇಕ ಮನೆಗಳಲ್ಲಿ ದಂಡಿಗೆ ಹೋಗಿಬಂದವರ ಕಥೆಗಳಿವೆ. ಆ ಗಡಿನಾಡಿನಲ್ಲಿಯೂ ಅಫಘಾನಿಸ್ತಾನದಲ್ಲಿಯೂ ಇಂಥ ಅಂಗಿಗೆ ಪೋಸ್ತೀನೆಂದು ಹೆಸರು. ತೊಗಲಿನ ಹಳದಿಗೆ ದಾಳಿಂಬೆಯ ಸಿಪ್ಪೆ ಕಾರಣ. ಹಿಮ ಬೀಳುವ ಠಾಣೆಗಳಲ್ಲಿ ಪಹರೆ ನಿಲ್ಲುವ ಸಿಪಾಯಿಗಳಿಗೆ ಇದನ್ನೇ ತೊಡಿಸುತ್ತಿದ್ದರು.

“ಅಪ್ಪ ಇಲ್ಲಿ ಒಂದ ದಿನಾನೂ ಇದನ್ನ ತೊಡಲಿಲ್ಲ ತಮ್ಮಾ. ಸಣ್ಣಾಕಿ ಇದ್ದಾಗ ನನಗ ಚಳಿಜ್ವರ ಬಂದಿತ್ತು. ರಾತ್ರಿಯೆಲ್ಲಾ ಇದರಾಗ ಸುತ್ತಿ ತೊಡಿಮ್ಯಾಲ ಮಲಗಿಸಿಕೊಂಡಿದ್ದ,” ಎಂದರು.

ಬೆಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕತ್ತರಿಸಿ ಮೂರು ಮನೆಗೆ ಮೂರು ಆಸನ ಮಾಡೋಣವೆಂಬ ಸೂಚನೆಯೂ ಅಲ್ಲಿಗೇ ನಿಂತಿತು. ಮಾರಲು ಕಾಯಿದೆಯ ಅಡ್ಡಿಯಿರಲಿಲ್ಲ. ಆದರೆ ಆ ಒಂದು ರಾತ್ರಿಯನ್ನು ಪಾಲು ಮಾಡುವ ಬಗೆ ನಮಗೆ ತಿಳಿಯಲಿಲ್ಲ.

ಆದರೂ ಪ್ರೀತಿಯೊಂದರಿಂದಲೇ ತೊಗಲು ಉಳಿಯದು. ತೋಳಿನ ಹೊಲಿಗೆಯ ಬಳಿ ಅದು ಒಣಗಿ ಕಾಗದದಂತೆ ಬಿರಿದಿತ್ತು. ಗೃಹಿಣಿಯರು ಗಮನಿಸಬೇಕು: ಉಣ್ಣೆಯ ಬಟ್ಟೆಗಳಂತೆ ಇದನ್ನು ಸುಡುಬಿಸಿಲಿಗೆ ಒಡ್ಡಬಾರದು, ನೀರಿನಲ್ಲಿ ತೊಳೆಯಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ನಾವು ನೆರಳಿನ ಗಾಳಿಗೆ ಹರವಿ, ಮೃದುವಾದ ಕುಂಚದಿಂದ ಧೂಳು ಝಾಡಿಸಿ, ಮಡಿಕೆಗಳಲ್ಲಿ ಬಟ್ಟೆಯ ಸುರುಳಿಗಳನ್ನಿಟ್ಟು, ಒಗೆದ ಹಳೆಯ ಧೋತರದಲ್ಲಿ ಸುತ್ತಿದೆವು. ಸುತ್ತುವ ಮುನ್ನ ಅತ್ತೆಯವರು ಕಸೂತಿ ಬಲ್ಲ ಬೆರಳುಗಳಿಂದ ಆ ರೇಷ್ಮೆಯ ಬಳ್ಳಿಯನ್ನು ಒಮ್ಮೆ ಸವರಿದರು.

ಅವರಿರುವವರೆಗೆ ಅಂಗಿಯು ಘೋಡಗೇರಿಯಲ್ಲಿಯೇ ಇರತಕ್ಕದ್ದು. ಆ ಬಳಿಕ ಬೆಳಗಾವಿಯ ದಂಡಿನ ವಸ್ತುಸಂಗ್ರಹಾಲಯದವರನ್ನು ಕೇಳತಕ್ಕದ್ದು ಎಂದು ಗೊತ್ತುಮಾಡಿದೆವು. ಗಂಟಿನೊಳಗೆ ಒಂದು ಚೀಟಿಯನ್ನೂ ಇಟ್ಟೆವು. ಅದರಲ್ಲಿ ಪೇಶಾವರವಿದೆ, ಕುರಿಯ ತೊಗಲೆಂಬುದಿದೆ, ಅಜ್ಜನವರ ಹೆಸರಿದೆ. ಕಡೆಯ ಸಾಲನ್ನು ಅತ್ತೆಯವರು ಹೇಳಿ ಬರೆಸಿದರು: “ಮಗಳಿಗೆ ಜ್ವರ ಬಂದಾಗ ಹೊದಿಸಿದ್ದು.”