ತ್ರೀ ಫೇಸ್ ಬಂತೇನಪಾ?

ನಮ್ಮ ಬಾಗಲಕೋಟೆಯವರಲ್ಲಿ ಎರಡೇ ಜಾತಿ: ಮುಳುಗಡೆ ಆದವರು, ಆಗದವರು. ಆಲಮಟ್ಟಿಯ ಹಿನ್ನೀರು ಏರುತ್ತದೆಂದು ಹಳೆ ಊರಿನ ತಗ್ಗಿನ ಓಣಿಗಳು ಖಾಲಿಯಾದಾಗ ಜನ ತೊಲೆ, ಬಾಗಿಲು, ಕಿಡಕಿ ಸಮೇತ ನವನಗರದ ಸೆಕ್ಟರುಗಳಿಗೆ ಬಂದರು. ನಮ್ಮ ಮನೆಯ ಸಾಮಾನಿನಲ್ಲಿ ಕೆಟ್ಟು ಕೂತ ಒಂದು ರೇಡಿಯೊ ಕೂಡ ಇತ್ತು. ‘ಮಾತಾಡದ ಡಬ್ಬಿ ಯಾಕ ಹೊರಬೇಕು?’ ಎಂದು ಅವ್ವ ಸಿಡುಕಿದರೂ ಅಪ್ಪ ಬಿಟ್ಟು ಬರಲಿಲ್ಲ. ಅಷ್ಟು ಹೊತ್ತಿಗೆ ನಾನು ಅದನ್ನು ಹಲವು ಸಲ ಬಿಚ್ಚಿ ಮುಗಿಸಿದ್ದೆ. ಗ್ಯಾಂಗ್ ಕಂಡೆನ್ಸರ್ ತಿರುಗಿಸಿದರೆ ಧಾರವಾಡ ಹೋಗಿ ಯಾವುದೋ ಪರದೇಶ ಯಾಕೆ ಬರುತ್ತದೆಂದು ನಾನು ಪುಸ್ತಕ ಓದಿ ಕಲಿಯಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕಲಿತೆ.

ಈಗಿನ ಫೋನುಗಳಿಗೆ ಬಿಚ್ಚಲು ಸ್ಕ್ರೂ ಕೂಡ ಕಾಣಿಸುವುದಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಹಾಗಾಗಿ ರಾಸ್ಪ್‌ಬೆರಿ ಪೈ ಎಂಬ ಬರಿಮೈಯ ಬೋರ್ಡು ಮೊದಲ ಸಲ ಕೈಗೆ ಬಂದಾಗ ಹಳೆಯ ಚಟ ಎದ್ದು ಕೂತಿತು. ಎಟಿಎಂ ಕಾರ್ಡಿನಷ್ಟು ಉದ್ದಗಲ. ಮೇಲೆ ಡಬ್ಬಿಯಿಲ್ಲ, ಪರದೆಯಿಲ್ಲ, ಕೀಲಿಮಣೆಯಿಲ್ಲ, ಆಫ್ ಮಾಡುವ ಗುಂಡಿಯೂ ಇಲ್ಲ. ಒಂದು ಅಂಚಿಗೆ ಎರಡು ಸಾಲಿನಲ್ಲಿ 40 ಪಿನ್ನು. ಟೀವಿಗೆ ಸಿಕ್ಕಿಸಿದಾಗ ಅವ್ವನಿಗೆ ಒಂದೇ ಚಿಂತೆ: ‘ನನ್ನ ಧಾರಾವಾಹಿ ಹೊತ್ತಿಗೆ ಬಿಚ್ಚಿ ಇಡತೀಯಿಲ್ಲೋ?’

ಈ ಪಿನ್ನುಗಳೇ ಅದರ ಜೀವ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಏನೇ ಬರೆದರೂ ಅದು ಪರದೆಯೊಳಗೇ ಉಳಿಯುತ್ತದೆ. ಇಲ್ಲಿ ಬರೆದದ್ದು ಪಿನ್ನಿನ ಮೂಲಕ ಹೊರಗೆ ಬಂದು ದೀಪ ಹಚ್ಚುತ್ತದೆ, ರಿಲೇ ಟಿಕ್ ಅನಿಸುತ್ತದೆ. ನಾನು ಹೊಟ್ಟೆಪಾಡಿಗೆ ವೆಬ್ ಪುಟ ಬರೆಯುವವನು. ನನಗೆ ಬರುವ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಬ್ರೌಸರಿಗೆಂದು ಹೊಸೆದದ್ದು ಅದು. 2009ರಲ್ಲಿ ರಯಾನ್ ಡಾಲ್ ನೋಡ್ ಎಂಬ ತಂತ್ರಾಂಶ ಬರೆದು ಆ ಭಾಷೆಯನ್ನು ಬ್ರೌಸರಿನ ಹೊರಗೂ ಓಡುವಂತೆ ಮಾಡಿದ. ಗಂಭೀರ ಎಂಜಿನಿಯರುಗಳು ಇದನ್ನು ಹಾರ್ಡ್‌ವೇರಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನನಗೇನೋ ಇದೇ ಸರಿಯಾದ ಜೋಡಿ ಎನಿಸುತ್ತದೆ. ವೆಬ್ ಪುಟದ ಸ್ವಭಾವವೇ ಕಾಯುವುದು: ಯಾರೋ ಒತ್ತಲಿ, ಒತ್ತಿದಾಗ ಏಳುತ್ತೇನೆ. ಪಿನ್ನಿಗೆ ಕಟ್ಟಿದ ಸ್ವಿಚ್ಚೂ ಹಾಗೆಯೇ. ಫೋನಿನಲ್ಲಿ ಬೆರಳು ತಾಗಿದ್ದನ್ನೂ ತಂತಿಯಲ್ಲಿ ವೋಲ್ಟೇಜು ಏರಿದ್ದನ್ನೂ ಒಂದೇ ಬಗೆಯ ನಾಲ್ಕು ಸಾಲು ಸಂಭಾಳಿಸುತ್ತವೆ.

ಈ ಬೋರ್ಡಿನ ಮನೆತನ ಸ್ವಲ್ಪ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಎಂಬ ಕಂಪನಿ 1981ರಲ್ಲಿ ಬಿಬಿಸಿ ಮೈಕ್ರೊ ತಂದಿತು. ಅದನ್ನೂ ಟೀವಿಗೇ ಸಿಕ್ಕಿಸುತ್ತಿದ್ದರು, ಅದಕ್ಕೂ ಹೊರಗಿನ ತಂತಿ ಕಟ್ಟಲು ಜಾಗವಿತ್ತು. ಭಾರತ ಸರ್ಕಾರ 1984ರಲ್ಲಿ ಶಾಲೆಗಳಿಗಾಗಿ ‘ಕ್ಲಾಸ್’ ಯೋಜನೆ ಶುರುಮಾಡಿದಾಗ ಹಂಚಿದ್ದು ಇದೇ ಯಂತ್ರವನ್ನು. ನಮ್ಮ ಶಾಲೆಗೆ ಬಂದದ್ದು ಕಂಪ್ಯೂಟರಿನ ಚಿತ್ರವಿದ್ದ ಒಂದು ಗೋಡೆಪಟ ಮಾತ್ರ. ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಆರ್ಮ್ ಚಿಪ್ 1985ರ ಏಪ್ರಿಲ್‌ನಲ್ಲಿ ಕಣ್ಣು ಬಿಟ್ಟಿತು. ಇವತ್ತು ನಿಮ್ಮ ಕಿಸೆಯ ಫೋನಿನಲ್ಲೂ ಈ ಪೈನಲ್ಲೂ ಇರುವುದು ಅದರ ಸಂತಾನ. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಓದಲು ಬರುವ ಹುಡುಗರಿಗೆ ಯಂತ್ರದ ಒಳಹೊರಗು ಗೊತ್ತಿಲ್ಲದ್ದನ್ನು ಕಂಡು ಎಬೆನ್ ಅಪ್ಟನ್ ಮತ್ತು ಗೆಳೆಯರು ಮಕ್ಕಳು ಕೆಡಿಸಿದರೂ ಮನೆಯವರು ಬೈಯದಷ್ಟು ಅಗ್ಗದ್ದೊಂದನ್ನು ಮಾಡಲು ಹೊರಟರು. 2012ರ ಫೆಬ್ರುವರಿ 29ರಂದು ಅದು ಮಾರಾಟಕ್ಕೆ ಬಂತು. ಬೆಲೆ 35 ಡಾಲರ್, ಆಗಿನ ಲೆಕ್ಕಕ್ಕೆ 1,700 ರೂಪಾಯಿಯ ಆಸುಪಾಸು. ಹಳೆಯ ಬಿಬಿಸಿ ಮೈಕ್ರೊದ ನೆನಪಿಗೆ ಇದರ ಮಾದರಿಗಳಿಗೂ ಎ, ಬಿ ಎಂದೇ ಕರೆದರು.

ಇದನ್ನು ಹೇಳುವಾಗ ನಮ್ಮ ಬೆಂಗಳೂರಿನ ಸಿಂಪ್ಯೂಟರನ್ನು ಬಿಟ್ಟರೆ ನಮಗೇ ಅನ್ಯಾಯ. ಪೈಗಿಂತ ಹನ್ನೊಂದು ವರ್ಷ ಮೊದಲು, 2001ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ ಅಂಗೈ ಕಂಪ್ಯೂಟರ್ ಮಾಡಿ ತೋರಿಸಿದ್ದರು. ಅದರಲ್ಲೂ ಆರ್ಮ್ ಕುಲದ ಚಿಪ್ಪು, ಅದರಲ್ಲೂ ಲಿನಕ್ಸ್. ವೆಬ್ ಪುಟದ ರೀತಿಯಲ್ಲೇ ಬರೆಯುವ ಐಎಂಎಲ್ ಎಂಬ ಭಾಷೆಯನ್ನೂ ಅದಕ್ಕೆಂದು ಕಟ್ಟಿದ್ದರು. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಇತ್ತು. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಲಿ ಎಂಬುದು ಆಸೆ. ಇಟ್ಟುಕೊಂಡ ಬೆಲೆಯ ಗುರಿಯೇ ಒಂಬತ್ತು ಸಾವಿರ ರೂಪಾಯಿ. ಆಗ ಅಷ್ಟು ದುಡ್ಡು ಕೊಟ್ಟು ಯಾರು ಕೆಡಿಸಿ ಕಲಿತಾರು? ಅದು ಓಡಲಿಲ್ಲ. ಬುದ್ಧಿಯಲ್ಲಿ ಅದೇನೂ ಕಡಿಮೆಯಿರಲಿಲ್ಲ ಎಂದು ಈಗಲೂ ವಾದ ಮಾಡುತ್ತೇನೆ.

ನನ್ನ ಪ್ರಯೋಗಗಳಿಗೆ ಬರೋಣ. ಬಾದಾಮಿಯಲ್ಲಿ ಗೆಳೆಯನಿಗೆ ಮಂಗ್ಯಾಗಳ ಕಾಟ. ಗುಹೆ ನೋಡಲು ಹೋದವರಿಗೆಲ್ಲ ಅವುಗಳ ಪರಿಚಯವಿದ್ದೇ ಇರುತ್ತದೆ. ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳ ಉಳಿಯುತ್ತಿರಲಿಲ್ಲ. ಮೈಶಾಖ ಹಿಡಿಯುವ ಪಿಐಆರ್ ಸೆನ್ಸರ್ ಕಟ್ಟಿ, ಯಾರು ಬಂದರೂ ಬಜರ್ ಕಿರುಚುವಂತೆ ಮಾಡಿ ಕೊಟ್ಟೆ. ಮೊದಲ ದಿನ ಚೆದುರಿದವು. ಆಮೇಲೆ ಬಜರ್ ಆದರೆ ಹಪ್ಪಳ ಹಾಕಿದ್ದಾರೆ ಎಂದು ಅವಕ್ಕೇ ತಿಳಿದುಹೋಯಿತು.

ಇಳಕಲ್ಲಿನಲ್ಲಿ ಸೋದರಮಾವನದು ಕುಣಿಮಗ್ಗ. ದಡಿಗೆ ಡಾಬಿ. ಮರದ ಪಟ್ಟಿಗೆ ಗೂಟ ಹೊಡೆದಲ್ಲಿ ಎಳೆ ಏಳುತ್ತದೆ, ಗೂಟ ಇಲ್ಲದಲ್ಲಿ ಏಳುವುದಿಲ್ಲ. ಪೈನ ಪಿನ್ನಿಗೂ ಇದೇ ಎರಡು ಮಾತು ಗೊತ್ತು ಎಂದಾಗ ಮಾವ ತಲೆಯಾಡಿಸಿದ. ಉಮೇದಿನಲ್ಲಿ ನಾನು, ‘ಮಗ್ಗದ ರಟ್ಟಿನ ಕಾರ್ಡು ನೋಡೇ ಕಂಪ್ಯೂಟರ್ ಹುಟ್ಟೇತಿ ಮಾವಾ, 1804ರಾಗ ಜಕಾರ್ಡ್ ಅನ್ನಾಂವ...’ ಎಂದು ಶುರುಮಾಡಿದೆ. ‘ಹುಟ್ಟಿದ್ ಮ್ಯಾಲ ಮಗ್ಗದ ಕಡೆ ತಿರುಗಿ ನೋಡೇತೇನು?’ ಎಂದು ಕೇಳಿ ಲಾಳಿ ಎಸೆದ. ಹೊಕ್ಕು ಎಣಿಸಲಿ ಎಂದು ಮಗ್ಗಕ್ಕೊಂದು ಅಯಸ್ಕಾಂತ, ರೀಡ್ ಸ್ವಿಚ್ ಕಟ್ಟಿದೆ. ಅಂಕಿ ಫೋನಿನಲ್ಲಿ ಓಡುತ್ತಿತ್ತು. ಮಾವ ಎಳೆ ಗಟ್ಟಿಯಾಗಲೆಂದು ಒಮ್ಮೊಮ್ಮೆ ಎರಡು ಸಲ ಬಡಿಯುತ್ತಾನೆ, ಪೈ ಎರಡೂ ಎಣಿಸುತ್ತದೆ. ಒಡಲಿನ ಹತ್ತಿ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವ ಕೆಲಸ ಪ್ರತಿ ಸೀರೆಗೂ ಹೊಸದು. ಇಳಕಲ್ ಸೀರೆಗೆ ಹೆಸರು ತಂದದ್ದು ಆ ಕೊಂಡಿ. ಅಲ್ಲಿ ನನ್ನ ಬೋರ್ಡಿಗೆ ಯಾವ ಕೆಲಸವೂ ಇಲ್ಲ.

ಕೆಲಸ ಸಿಕ್ಕಿದ್ದು ಹುನಗುಂದದಲ್ಲಿ, ಕಾಕಾನ ಹೊಲದಲ್ಲಿ. ಉಳ್ಳಾಗಡ್ಡಿಗೆ ನೀರು ಬಿಡಬೇಕು, ಬೋರಿನ ಮೋಟರಿಗೆ ತ್ರೀ ಫೇಸ್ ಬೇಕು, ಅದು ಬರುವುದು ಪಾಳಿಯ ಮೇಲೆ, ಬಹಳ ಸಲ ರಾತ್ರಿ. ಮನೆಯಲ್ಲಿ ದೀಪ ಉರಿದ ಮಾತ್ರಕ್ಕೆ ಹೊಲದಲ್ಲಿ ತ್ರೀ ಫೇಸ್ ಇದೆ ಎಂದಲ್ಲ. ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಹೋಗಿ, ಬರಿಗೈಲಿ ತಿರುಗಿ ಬಂದು, ಮತ್ತೆ ಹೋಗಬೇಕು. ‘ತ್ರೀ ಫೇಸ್ ಬಂತೇನಪಾ?’ ಎಂದು ಪಕ್ಕದ ಹೊಲದವನಿಗೆ ಫೋನು ಮಾಡುವುದು ನಮ್ಮ ಕಡೆಯ ಮಧ್ಯರಾತ್ರಿಯ ಕುಶಲಪ್ರಶ್ನೆ.

ಇದಕ್ಕೆ ಬೇಕಾದದ್ದು ಮೂರು ಹಳೆ ಮೊಬೈಲ್ ಚಾರ್ಜರ್. ಒಂದೊಂದು ಫೇಸಿಗೆ ಒಂದೊಂದು. ಚಾರ್ಜರಿನ 5 ವೋಲ್ಟನ್ನು ನೇರ ಪಿನ್ನಿಗೆ ಕೊಡುವಂತಿಲ್ಲ, ಪೈ ತಡೆಯುವುದು 3.3 ವೋಲ್ಟ್ ಮಾತ್ರ. ನಡುವೆ ಪಿಸಿ817 ಎಂಬ ನಾಲ್ಕು ಕಾಲಿನ ಆಪ್ಟೊಕಪ್ಲರ್. ಅದರೊಳಗೆ ಒಂದು ಕಡೆ ಸಣ್ಣ ದೀಪ, ಇನ್ನೊಂದು ಕಡೆ ಅದನ್ನು ನೋಡುವ ಕಣ್ಣು. ಕರೆಂಟು ದಾಟುವುದಿಲ್ಲ, ಬೆಳಕು ಮಾತ್ರ ದಾಟುತ್ತದೆ. ಪುಟದಲ್ಲಿ ಕೆಂಪು, ಹಳದಿ, ನೀಲಿ ಮೂರು ಚುಕ್ಕೆ ಇಟ್ಟೆ, ಲೈನ್‌ಮನ್‌ಗಳು ಫೇಸಿಗೆ ಹೇಳುವ ಬಣ್ಣವೇ. ಮೂರೂ ಹೊತ್ತಿದರೆ ಕೆಳಗೆ ದಪ್ಪಕ್ಷರದಲ್ಲಿ ‘ಬಂತು’. ಮೊಬೈಲ್ ಡಾಂಗಲಿನ ನೆಟ್ಟಿನಲ್ಲಿ ಹೊರಗಿನವರು ಒಳಗೆ ಇಣುಕಲು ದಾರಿಯಿರುವುದಿಲ್ಲವಾದ್ದರಿಂದ ಪೈ ತಾನೇ ಹೊರಗೆ ಸುದ್ದಿ ಕಳಿಸುತ್ತದೆ.

ಕರೆಂಟಿನ ಸುದ್ದಿ ಹೇಳುವ ಯಂತ್ರಕ್ಕೂ ಕರೆಂಟೇ ಬೇಕೆಂಬುದು ತಮಾಷೆ. ಪವರ್ ಬ್ಯಾಂಕ್ ಮುಗಿದು ತಟ್ಟನೆ ಆರಿದರೆ ಮೆಮೊರಿ ಕಾರ್ಡ್ ಕೆಡಬಹುದು. ಅದಕ್ಕೆ ಕಾರ್ಡಿನ ಮೇಲೆ ಏನೂ ಬರೆಯದಂತೆ ಕಟ್ಟುಹಾಕಬೇಕು. ನಾನಿಟ್ಟ ಮಾದರಿಗೆ ಸ್ವಂತ ಗಡಿಯಾರವೂ ಇಲ್ಲ. ನೆಟ್ ಸಿಗದಿದ್ದರೆ ಎದ್ದ ಕೂಡಲೇ ಹಳೆಯ ವೇಳೆಯನ್ನೇ ಹಿಡಿದು ನಿನ್ನೆಯ ರಾತ್ರಿ ಕರೆಂಟ್ ಬಂದದ್ದಾಗಿ ವರದಿ ಒಪ್ಪಿಸುತ್ತದೆ. ಗುಂಡಿ ಸೆಲ್ ಹಾಕಿದ ಡಿಎಸ್3231 ಚಿಪ್ ಕೂಡಿಸಿದ ಮೇಲೆ ಆ ರೋಗ ಹೋಯಿತು.

ಕಾಕಾ ಪುಟ ನೋಡಿ, ‘ಬಂದದ್ದು ಹೇಳತೈತಿ, ಮೋಟರ್ ಚಾಲೂ ಮಾಡಂಗಿಲ್ಲೇನು?’ ಎಂದ. ನ್ಯಾಯವಾದ ಪ್ರಶ್ನೆ. ಫೋನಿನಿಂದ ಮೋಟರ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲೇ ಸಿಗುತ್ತದೆ. ಬರೀ ನೀರು ಬಿಡುವುದಿದ್ದರೆ ಅದನ್ನೇ ತನ್ನಿರಿ ಎಂದು ಯಾರಿಗಾದರೂ ಹೇಳುತ್ತೇನೆ. ನನ್ನ ಡಬ್ಬಿ ಅದರ ಸರಿಸಮ ಅಲ್ಲ. ಆದರೆ ಅದು ಕೆಟ್ಟರೆ ಎಲ್ಲಿ ಕೆಟ್ಟಿದೆಯೆಂದು ನನಗೆ ಗೊತ್ತಾಗುತ್ತದೆ, ಈಗ ಕಾಕಾನ ಮಗಳಿಗೂ ಗೊತ್ತಾಗುತ್ತದೆ. ಹೈಸ್ಕೂಲಿನ ಹುಡುಗಿ, ಚುಕ್ಕೆಗಳ ಪಕ್ಕ ನಿನ್ನೆ ಎಷ್ಟು ತಾಸು ಕರೆಂಟ್ ಇತ್ತೆಂಬ ಲೆಕ್ಕವನ್ನು ಅವಳೇ ಬರೆದು ಸೇರಿಸಿದ್ದಾಳೆ.

ನಿಮಗೂ ಮಾಡುವ ಮನಸ್ಸಿದ್ದರೆ ಒಂದು ಎಲ್‌ಇಡಿ, 330 ಓಮಿನ ಒಂದು ರೆಸಿಸ್ಟರ್ ಇಟ್ಟುಕೊಂಡು ಶುರುಮಾಡಿ. ಹಳೆ ಚಾರ್ಜರುಗಳನ್ನು ಗುಜರಿಗೆ ಹಾಕಬೇಡಿ. ಮೇನ್ ಲೈನಿನ ತಂತಿ ಮಾತ್ರ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಿಂದಲೇ ಕಟ್ಟಿಸಿ.