ಎರಡು ನಕ್ಷೆಗಳ ನಡುವೆ ಬಿದ್ದುಹೋದ ಊರು

ಲಾಸ್ ವೇಗಸ್ ನೋಡಿ ಅಮ್ಮನಿಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಹೋಟೆಲ್ ಮುಂದಿನ ಕಾರಂಜಿ ನೋಡುತ್ತಾ, "ಇಷ್ಟೊಂದು ನೀರು ಎಲ್ಲಿಂದ ತರ್ತಾರೋ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾದರು. ಚಳ್ಳಕೆರೆ ಕಡೆ ಮೂವತ್ತು ವರ್ಷ ಶೇಂಗಾ ಬೆಳೆದವರು ಇನ್ನೇನು ಕೇಳ್ತಾರೆ ಹೇಳಿ?

ಮರುದಿನ ಲಾಸ್ ಏಂಜಲೀಸ್‌ಗೆ ವಾಪಸ್ ಹೊರಟಾಗ ಹೆದ್ದಾರಿ ಬಿಟ್ಟು ಐವನ್‌ಪಾ ರಸ್ತೆಗೆ ಕಾರು ತಿರುಗಿಸಿದೆ. ಕ್ಯಾಲಿಫೋರ್ನಿಯಾದ ಪೂರ್ವದ ಅಂಚು, ಮೊಹಾವಿ ಮರುಭೂಮಿ. ಸ್ವಲ್ಪ ದೂರ ಹೋಗುತ್ತಿದ್ದಂತೆ ಡಾಂಬರು ಮುಗಿದು ಮಣ್ಣುರಸ್ತೆ ಶುರುವಾಯಿತು. ಮೊಬೈಲ್ ಸಿಗ್ನಲ್ ಕೂಡ ಅಲ್ಲಿಗೇ ಮುಗೀತು. ಟ್ಯಾಬ್‌ನಲ್ಲಿ ಎರಡು ಹಳೇ ನಕ್ಷೆ ಇಳಿಸಿಕೊಂಡಿದ್ದೆ. (ಆಫ್‌ಲೈನ್ ಗೂಗಲ್ ಮ್ಯಾಪೂ ಇತ್ತು. ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಸಾಹಸ ಮಾಡುವಷ್ಟು ಧೈರ್ಯ ನನಗಿಲ್ಲ.)

ಅಮೆರಿಕದ ಭೂಗರ್ಭ ಸರ್ವೆ ಸಂಸ್ಥೆ ಯುಎಸ್‌ಜಿಎಸ್, 1884ರಿಂದ ಮುದ್ರಿಸಿದ ತನ್ನ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ 'ಟೋಪೋವ್ಯೂ' ಅನ್ನೋ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ರಾತ್ರಿ ಡಿಪ್ಲಾಯ್‌ಮೆಂಟ್ ಮುಗಿಯಲಿ ಅಂತ ಕಾಯುವಾಗ ಅಲ್ಲಿ ಅಲೆಯೋದು ನನ್ನ ಚಟ. ಹಾಗೆ ಸಿಕ್ಕಿದ್ದು 1912ರ 'ಐವನ್‌ಪಾ' ಹಾಳೆ. ಅಳತೆ 1:2,50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಮೂರೇ ಬಣ್ಣ: ಬೆಟ್ಟದ ಏರಿಳಿತ ಕಂದು, ನೀರು ನೀಲಿ, ಮನುಷ್ಯ ಮಾಡಿದ್ದೆಲ್ಲ ಕಪ್ಪು. ಸರ್ವೆಯವರು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಹಲಗೆ ಇಟ್ಟು, ದೂರದ ಗುಡ್ಡದ ತುದಿಗಳನ್ನು ಗುರಿಯಾಗಿಟ್ಟುಕೊಂಡು ಬಿಸಿಲಲ್ಲೇ ಗೆರೆ ಎಳೆಯುತ್ತಿದ್ದ ಕಾಲ ಅದು. ಆಮೇಲೆ ಅದನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದರು.

ಇಂಥ ಜಾಗದ ನಕ್ಷೆಯಲ್ಲಿ ಊರಿಗಿಂತ ಒರತೆಗೆ ಬೆಲೆ ಜಾಸ್ತಿ. 1909ರಲ್ಲಿ ಇದೇ ಸಂಸ್ಥೆಯ ವಾಲ್ಟರ್ ಮೆಂಡೆನ್‌ಹಾಲ್ ಈ ಮರುಭೂಮಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತೆ ಅನ್ನೋದಕ್ಕೇ ಒಂದು ಪುಸ್ತಕ ಬರೆದರು. ಚಿನ್ನ, ಬೆಳ್ಳಿ ಹುಡುಕಿಕೊಂಡು ಬಂದವರು ದಾರಿ ತಪ್ಪಿದರೆ ಬಾಯಾರಿಯೇ ಸಾಯಬೇಕಿತ್ತು. ಮೊಹಾವಿ, ಚೆಮೆಹುವೇವಿ ಬುಡಕಟ್ಟಿನವರಿಗೆ ಮಾತ್ರ ಆ ಒರತೆಗಳು ಯಾವ ನಕ್ಷೆಯೂ ಇಲ್ಲದೆ ಗೊತ್ತಿದ್ದವು.

ನಮ್ಮ ದಾರಿಯಲ್ಲಿ ಮೊದಲು ಬಂದಿದ್ದು ಬಾರ್ನ್‌ವೆಲ್. ನ್ಯೂಯಾರ್ಕ್ ಬೆಟ್ಟಗಳ (ಹೌದು, ಮರುಭೂಮಿಯಲ್ಲೂ ಒಂದು ನ್ಯೂಯಾರ್ಕ್ ಇದೆ!) ಗಣಿಗಳಿಗೆಂದು 1893ರಲ್ಲಿ ಗೋಫ್ಸ್‌ನಿಂದ ಇಲ್ಲಿಗೆ ರೈಲು ಹಾಕಿದ್ದರು. 1923ರಲ್ಲಿ ರೈಲು ನಿಂತಿತು. ಈಗ ಪೊದೆ ಮತ್ತು ಗಾಳಿ, ಅಷ್ಟೇ.

ಅಲ್ಲಿಂದ ದಕ್ಷಿಣಕ್ಕೆ ಲ್ಯಾನ್‌ಫೇರ್ ಕಣಿವೆ. ನಾನು ನೋಡಬೇಕು ಅಂದುಕೊಂಡಿದ್ದೇ ಇದನ್ನು. 1910ರಲ್ಲಿ ಅರ್ನೆಸ್ಟ್ ಲ್ಯಾನ್‌ಫೇರ್ ಅನ್ನೋ ವ್ಯಾಪಾರಿ ಇಲ್ಲಿ ಜಮೀನು ಹಿಡಿದ. ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಸರ್ಕಾರ 160 ಎಕರೆ ಬರೆದುಕೊಡುತ್ತಿತ್ತು. ಆ ಕೆಲವು ವರ್ಷ ಮಳೆಯೂ ಚೆನ್ನಾಗಿ ಆಯಿತು. ನೀರಾವರಿ ಇಲ್ಲದೆ ಬೆಳೆ ತೆಗೀಬಹುದು ಅಂತ ನಂಬಿ ಜನ ಬಂದರು. ಆಫ್ರಿಕನ್ ಅಮೆರಿಕನ್ ಕುಟುಂಬಗಳು ಪಕ್ಕದಲ್ಲೇ ಡನ್‌ಬಾರ್ ಅನ್ನೋ ವಸತಿ ಕಟ್ಟಿಕೊಂಡವು. 1912ರಲ್ಲಿ ಅಂಚೆ ಕಚೇರಿಯೂ ಬಂತು.

ಆಮೇಲೆ ಮಳೆ ಕೈಕೊಟ್ಟಿತು. ಸುತ್ತಲಿನ ಬಹುಪಾಲು ಒರತೆಗಳ ಹಕ್ಕು ದನ ಸಾಕುವ ದೊಡ್ಡ ಕಂಪನಿಯ ಕೈಯಲ್ಲಿತ್ತು. ರೈತರಿಗೂ ಕಂಪನಿಯವರಿಗೂ ಜಗಳ ಬೆಳೆಯಿತು. 1925ರಲ್ಲಿ 'ಗವರ್ನಮೆಂಟ್ ಹೋಲ್ಸ್' ಎಂಬ ನೀರಿನ ಜಾಗದಲ್ಲಿ ಇಬ್ಬರು ಒಬ್ಬರಿಗೊಬ್ಬರು ಗುಂಡು ಹಾರಿಸಿ, ಇಬ್ಬರೂ ಸತ್ತರು. 1927ರಲ್ಲಿ ಅಂಚೆ ಕಚೇರಿ ಮುಚ್ಚಿತು.

ಈಗ ನಕ್ಷೆಗೆ ಬನ್ನಿ. 1912ರ ಹಾಳೆಗೆ ಸರ್ವೆ ನಡೆದದ್ದು 1909-10ರಲ್ಲಿ. ರೈತರು ಬರುವಷ್ಟರಲ್ಲಿ ಸರ್ವೆಯವರು ಗಂಟುಮೂಟೆ ಕಟ್ಟಿ ಆಗಿತ್ತು. ನನ್ನ ಹತ್ತಿರವಿದ್ದ ಇನ್ನೊಂದು ನಕ್ಷೆ 1950ರ ದಶಕದ್ದು, 1:62,500 ಅಳತೆಯದು, ತುಂಬಾ ವಿವರ. ಆದರೆ ಅದನ್ನು ಬರೆಯೋ ಹೊತ್ತಿಗೆ ರೈತರು ಹೋಗಿ ಕಾಲು ಶತಮಾನ ಕಳೆದಿತ್ತು. ಅವರು ಬಂದು, ಉತ್ತು, ಸೋತು ಹೋದ ಅಷ್ಟೂ ವರ್ಷ ಎರಡು ಸರ್ವೆಗಳ ಸಂದಿಯಲ್ಲಿ ಬಿದ್ದುಹೋಗಿದೆ. ನಮ್ಮ ಐಟಿ ಭಾಷೇಲಿ ಹೇಳೋದಾದ್ರೆ, ಒಂದು ಬ್ಯಾಕಪ್ ಆದ ಮೇಲೆ ಸೇರಿಸಿ, ಮುಂದಿನ ಬ್ಯಾಕಪ್‌ಗೆ ಮುಂಚೆ ಡಿಲೀಟ್ ಆದ ಡೇಟಾ.

ಹೊಸ ನಕ್ಷೆಯ ಒಂದು ಕಾಲುದಾರಿ ಹಿಡಿಯೋಣ ಅಂತ ನೋಡಿದರೆ ಅಲ್ಲಿದ್ದದ್ದು ಮರಳು ತುಂಬಿದ ಹಳ್ಳ. "ಬ್ಯಾಡ ಕಣಪ್ಪ, ಚಕ್ರ ಹೂತ್ಕಂಡ್ರೆ ಎತ್ತೋರು ಯಾರು?" ಎಂದರು ಅಪ್ಪ. ಸುಮ್ಮನೆ ವಾಪಸ್ ತಿರುಗಿಸಿದೆ.

ರಸ್ತೆ ಪಕ್ಕ ತುಕ್ಕು ಹಿಡಿದ ಒಂದು ಗಾಳಿಯಂತ್ರ, ಒಣಗಿದ ತೊಟ್ಟಿ. 1994ರಲ್ಲಿ ಇದು ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾದ ಮೇಲೆ ದನ ಸಾಕಣೆಯೂ ಬಹುಪಾಲು ನಿಂತುಹೋಗಿದೆ. ಅಪ್ಪ ತೊಟ್ಟಿಯೊಳಗೆ ಬಗ್ಗಿ ನೋಡಿದರು. ಅಲ್ಲೇ ನಿಂತು ಲ್ಯಾನ್‌ಫೇರ್ ಕಥೆ ಹೇಳಿದೆ.

"ಆಮೇಲೆ ಅವರೆಲ್ಲ ಎಲ್ಲಿಗೆ ಹೋದ್ರು?"

"ಗೊತ್ತಿಲ್ಲಪ್ಪ. ಸಿಟಿಗೇ ಹೋಗಿರ್ಬೇಕು."

ಅವರು ಏನೂ ಹೇಳಲಿಲ್ಲ. ಮೂರನೇ ಬೋರ್‌ವೆಲ್ ಫೇಲಾದ ವರ್ಷವೇ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು. ನಾಲ್ಕು ಎಕರೆ ಮಾರಿ ಫೀಸು ಕಟ್ಟಿದ್ದರು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಮ್ಮ ಕಾರಿನಿಂದಲೇ "ಚಿತ್ರಾನ್ನ ತಿನ್ನೋರು ಬನ್ನಿ" ಅಂತ ಕೂಗಿದರು.

ಊಟ ಮಾಡುವಾಗ ಅಪ್ಪ ಟ್ಯಾಬ್ ತಗೊಂಡು, "ನಮ್ಮೂರಿಂದೂ ಹಿಂಗೇ ಐತಾ?" ಎಂದರು. ಇದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳು ಈಗ ಆನ್‌ಲೈನಲ್ಲೇ ಸಿಗುತ್ತವೆ. 2017ರಲ್ಲಿ ಶುರುವಾದಾಗ ಆ ತಾಣದ ಹೆಸರೇ 'ನಕ್ಷೆ' ಎಂದಿತ್ತು. ಮನೆಗೆ ಬಂದ ರಾತ್ರಿ ನಮ್ಮ ಭಾಗದ ಹಾಳೆ ತೆಗೆದುಕೊಟ್ಟೆ. ಕೆರೆ ಸಿಕ್ಕಿತು. ಹಳ್ಳ, ಗುಡ್ಡ ಸಿಕ್ಕಿತು. ನಾನು ಮಲಗಲು ಹೊರಟಾಗಲೂ ಅಪ್ಪ ಎರಡು ಬೆರಳಲ್ಲಿ ಝೂಮ್ ಮಾಡುತ್ತಾ, ಮಾರಿದ ಹೊಲದ ಹಳೇ ಬಾವಿಯನ್ನು ಹುಡುಕುತ್ತಲೇ ಇದ್ದರು.